ಹದಿನಾಲ್ಕನೆಯ ಪ್ರಶ್ನೆ

ನವೆಂಬರ್ 12, ಮಂಗಳವಾರ

ಇವತ್ತಿನಿಂದ ಬರೆಯಬೇಕಂತೆ. ನನ್ನ ಹೆಂಡತಿ ಸುಂದರಾಬಾಯಿ ಏನೇನು ಮರೆತಳು, ಎಷ್ಟು ಹೊತ್ತಿಗೆ ಮರೆತಳು, ದಿನಾ ಗುರುತು ಹಾಕಿಡಿ ಎಂದು ನರರೋಗದ ಡಾಕ್ಟರ್ ಹೇಳಿದ್ದಾರೆ. ಮೂವತ್ತೇಳು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನಿಗೆ ಇದೇನು ಹೊಸ ಕೆಲಸವಲ್ಲ. ಗಾಡಿ ಎಲ್ಲಿ ನಿಂತಿತು, ಎಷ್ಟು ನಿಮಿಷ ತಡ, ಯಾಕೆ ತಡ ಎಂದು ಬರೆದು ಬರೆದೇ ನಿವೃತ್ತನಾದವನು ನಾನು. ಆಗ ‘ಯಾಕೆ’ ಎನ್ನುವ ಕಡೆ ಬರೆಯಲು ಏನಾದರೂ ಇರುತ್ತಿತ್ತು.

ಮರೆತದ್ದು: ಬೆಳಿಗ್ಗೆ 6.40ಕ್ಕೆ ಒಲೆಯ ಮೇಲಿನ ಹಾಲು. ಮಧ್ಯಾಹ್ನ ನನ್ನ ತಂಗಿಯ ಹೆಸರು. ಸಂಜೆ, ನಾವು ಊರು ಬಿಟ್ಟು ಈ ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿದ್ದೇವೆ ಎನ್ನುವುದನ್ನು. ‘ಲಿಂಗಸುಗೂರು ಬಸ್ ಎಷ್ಟೊತ್ತಿಗೈತ್ರಿ?’ ಎಂದು ಕೇಳಿದಳು.

ಮರೆಯದೇ ಇದ್ದದ್ದು: ಲಿಂಗಪೂಜೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಕೂತರೆ ಮುಕ್ಕಾಲು ಗಂಟೆ. ಅದು ಮುಗಿಯುವ ತನಕ ಒಂದು ಗುಟುಕು ಚಹಾ ಕೂಡ ಬಾಯಿಗೆ ಹಾಕುವುದಿಲ್ಲ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ‘ಆ ಕಲ್ಲಿಗೆ ನೀರು ಹಾಕೋದು ಮುಗೀತೇನ? ನನಗ ಡ್ಯೂಟಿಗೆ ತಡ ಆಗಾಕತ್ತೈತಿ’ ಎಂದು ಹೊರಗಿನಿಂದ ಕೂಗುತ್ತಲೂ ಬಂದಿದ್ದೇನೆ.

ಸಂಜೆ ಮಗಳು ಕಾವ್ಯಾ ಬಂದಿದ್ದಳು. ತಾರ್ನಾಕದಲ್ಲಿರುತ್ತಾಳೆ, ಅಲ್ಲೇ ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ದೇವರ ಮೇಲಿನ ನಂಬಿಕೆ ಕೆಲವು ಸಮಾಜಗಳಲ್ಲಿ ಯಾಕೆ ಕುಗ್ಗುತ್ತದೆ, ಕೆಲವು ಕಡೆ ಯಾಕೆ ಬೆಳೆಯುತ್ತದೆ ಎಂಬ ದೊಡ್ಡ ಅಧ್ಯಯನದ ಒಂದು ತುಂಡು ಇವಳ ಪಾಲಿಗೆ ಬಂದಿದೆಯಂತೆ. ನಮ್ಮ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರನ್ನು ಮಾತಾಡಿಸಬೇಕು. ಈಗೊಮ್ಮೆ, ಆರು ತಿಂಗಳು ಬಿಟ್ಟು ಇನ್ನೊಮ್ಮೆ. ಅವೇ ಮನೆಗಳು, ಅವೇ ಪ್ರಶ್ನೆಗಳು. ಫಾರಂ ಸರಿಯಿದೆಯೋ ಇಲ್ಲವೋ ನೋಡಲು ಮೊದಲು ನಮ್ಮಿಬ್ಬರನ್ನೇ ಹಿಡಿದಳು.

ಹದಿನಾಲ್ಕನೆಯ ಪ್ರಶ್ನೆ: ‘ಕಳೆದ ಏಳು ದಿನಗಳಲ್ಲಿ ಎಷ್ಟು ಸಲ ಪೂಜೆ ಅಥವಾ ಪ್ರಾರ್ಥನೆ ಮಾಡಿದ್ದೀರಿ?’ ನಾನು ಸೊನ್ನೆ ಬರೆದೆ. ಕಾಣಲಿ ಎಂದು ಸ್ವಲ್ಪ ದೊಡ್ಡದಾಗಿಯೇ ಬರೆದೆ. ಸುಂದರಾಬಾಯಿ ಹದಿನಾಲ್ಕು ಎಂದಳು.

‘ದಿನಕ್ಕ ಎರಡು ಸಲ ಮಾಡ್ತೀಯೇನವ್ವಾ?’ ಎಂದು ಕಾವ್ಯಾ ಕೇಳಿದಳು.

‘ಒಂದ ಸಲ ಕೂಡ್ತೀನಿ. ಆದ್ರ ಹದಿನಾಲ್ಕಂತ ಬರಕೋ.’

ಏಳಕ್ಕೆ ಹದಿನಾಲ್ಕು ಎನ್ನುತ್ತಾಳೆ. ಎಣಿಕೆಯೂ ತಪ್ಪುತ್ತಿದೆ ಎಂದು ಗುರುತು ಹಾಕಿದ್ದೇನೆ.

ಡಾಕ್ಟರ್ ಹೇಳಿದ ಇನ್ನೊಂದು ಮಾತನ್ನು ಕಾವ್ಯಾಳಿಗೆ ಹೇಳಲಿಲ್ಲ. ಮೊದಲು ಹೊಸ ಸಂಗತಿಗಳು ಹೋಗುತ್ತವೆ, ಆಮೇಲೆ ಹಳೆಯವು, ಕೊನೆಗೆ ಮನೆಯವರ ಮುಖ. ಎಷ್ಟು ದಿನಕ್ಕೆ ಎಂದು ಕೇಳಿದೆ. ಹೇಳಲಾಗದು ಎಂದರು. ನನಗೆ ಬೇರೆ ಯಾವುದರ ಭಯವೂ ಇಲ್ಲ. ಇವಳು ನನ್ನನ್ನು ‘ಯಾರ್ರಿ ನೀವು’ ಎಂದು ಕೇಳುವ ದಿನ ಒಂದು ಬರಬಾರದು.

ನವೆಂಬರ್ 24, ಭಾನುವಾರ

ಕಾವ್ಯಾಳ ಜೊತೆ ನಾಚಾರಂಗೆ ಹೋಗಿದ್ದೆ. ‘ನನ್ನ ಕನ್ನಡದಾಗ ಅರ್ಧ ತೆಲುಗು ಐತಿ, ಅವರು ನಗ್ತಾರ. ನೀನೂ ಬಾ ಅಪ್ಪಾ’ ಎಂದಳು. ಸುಂದರಾಬಾಯಿಯನ್ನು ಎದುರುಮನೆಯವರ ಹತ್ತಿರ ಕೂರಿಸಿ ಹೊರಟೆ.

ಕಾರ್ಖಾನೆಯ ಕಾಂಪೌಂಡಿಗೆ ಒರಗಿಸಿ ಕಟ್ಟಿದ ತಗಡಿನ ಕೋಣೆಗಳ ಸಾಲು. ದೇವದುರ್ಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಇರುತ್ತಾರೆ. ಮೊದಲು ಸಿಕ್ಕವರು ಹುಸೇನಮ್ಮ ಮತ್ತು ಅವಳ ಗಂಡ ಹುಲಗೇಶ. ಹೆಸರು ಕೇಳಿದ್ದೇ ತಡ, ಧರ್ಮದ ಕಡೆ ಹೆಂಡತಿಗೆ ಇಸ್ಲಾಂ, ಗಂಡನಿಗೆ ಹಿಂದೂ ಎಂದು ನನ್ನ ಮಗಳು ಟಿಕ್ ಹಾಕಿಯೇಬಿಟ್ಟಳು. ಮೊದಲ ಮನೆಯಲ್ಲೇ ಇಂಥ ಜೋಡಿ ಸಿಕ್ಕಿತಲ್ಲ ಎಂದು ಅವಳ ಕಣ್ಣು ಅರಳಿದ್ದನ್ನೂ ನೋಡಿದೆ.

ಹುಸೇನಮ್ಮ ನಕ್ಕಳು. ‘ತಂಗಿ, ನಮ್ಮವ್ವಗ ಮಕ್ಕಳು ಉಳೀತಿದ್ದಿಲ್ಲ. ಮೊಹರಂದಾಗ ಪೀರಲದೇವ್ರಿಗೆ ಹರಕಿ ಹೊತ್ಲು, ನಾ ಉಳಿದೆ. ಅದಕ್ಕ ಹುಸೇನಮ್ಮ. ನಮ್ಮ ಮನಿದೇವ್ರು ಹನುಮಪ್ಪ.’

ಕಾವ್ಯಾ ಟಿಕ್ ಹೊಡೆದುಹಾಕಿದಳು. ಹತ್ತಾರು ಪುಸ್ತಕ ಓದಿದ ಹುಡುಗಿ, ನಮ್ಮೂರು ಲಿಂಗಸುಗೂರಿನಲ್ಲಿ ಒಂದು ಮೊಹರಂ ನೋಡಿಲ್ಲ. ತಪ್ಪು ನನ್ನದೇ, ನಾನೇ ಕಳಿಸುತ್ತಿರಲಿಲ್ಲ.

ಹದಿನಾಲ್ಕನೆಯ ಪ್ರಶ್ನೆಗೆ ಹುಸೇನಮ್ಮ, ‘ಎಷ್ಟು ಸಲ ಅಂದ್ರ ಏನ್ ಹೇಳ್ಲಿ? ಸಿಮೆಂಟಿನ ಪುಟ್ಟಿ ತಲಿ ಮ್ಯಾಲೆ ಎತ್ತೂವಾಗ ಒಮ್ಮೆ, ಇಳಸೂವಾಗ ಒಮ್ಮೆ. ನೀವ ಹಾಕ್ಕೋರಿ’ ಎಂದಳು. ಹುಲಗೇಶ ಬೀಡಿ ಆರಿಸಿ ‘ಸೊನ್ನಿ’ ಎಂದ. ಅವನ ಮೇಲೆ ನನಗೆ ಒಮ್ಮೆಲೇ ಅಭಿಮಾನ ಬಂತು. ಆಮೇಲೆ ಗೋಡೆ ನೋಡಿದೆ. ಮೊಳೆಗೆ ಒಂದು ಫೋಟೋ ತೂಗುಹಾಕಿತ್ತು, ಮುಖ ಗೋಡೆಯ ಕಡೆಗೆ. ನಮಗೆ ಕಾಣುತ್ತಿದ್ದದ್ದು ಹಿಂದಿನ ರಟ್ಟು ಮಾತ್ರ, ಅದರ ಮೇಲೆ ಕುಂಕುಮ.

ಹೋದ ಮಳೆಗಾಲದಲ್ಲಿ ಅವರ ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಿದ್ದಾಳೆ. ಅವತ್ತೇ ಹುಲಗೇಶ ಹುಲಿಗೆಮ್ಮ ದೇವಿಯ ಫೋಟೋವನ್ನು ತಿರುಗಿಸಿ ಇಟ್ಟನಂತೆ. ‘ಅಂವ ಬೆನ್ನು ತಿರುಗಿಸಿಟ್ಟಾನ. ನಾ ಬೆನ್ನಿಗೇ ಕೈ ಮುಗೀತೀನಿ’ ಎಂದಳು ಹುಸೇನಮ್ಮ. ಹುಲಗೇಶ, ‘ನನಗ ಸಿಟ್ಟೈತ್ರಿ ಸರ, ಅಷ್ಟ’ ಎಂದು ಎದ್ದು ಹೋದ.

ಬರುವಾಗ ಆಟೋದಲ್ಲಿ ಕಾವ್ಯಾ ಹೇಳುತ್ತಿದ್ದಳು. ‘ದವಾಖಾನಿ, ಕೂಲಿ, ಪಿಂಚಣಿ ಗ್ಯಾರಂಟಿ ಇದ್ದ ಕಡೆ ದೇವರು ಕಡಿಮಿ ಆಗ್ತಾನ. ನಾಳೆ ಏನೋ ಅನ್ನೋ ಭಯ ಇದ್ದ ಕಡೆ ಬೆಳೀತಾನ. ಇದು ಒಂದು ವಾದ. ಆದ್ರ ಅಪ್ಪಾ, ಒಂದ ಕೋಣಿ, ಒಂದ ಕೂಸು, ಒಂದ ದುಃಖ. ಒಬ್ಬರು ಬಿಟ್ರು, ಒಬ್ಬರು ಗಟ್ಟಿ ಹಿಡಿದ್ರು. ಇದನ್ನ ಎಲ್ಲಿ ಹಾಕ್ಲಿ?’

ವಾದ ಸರಿಯಾಗಿಯೇ ಇದೆ, ಹುಲಗೇಶನಿಗೆ ಬುದ್ಧಿ ಬಂದಿದೆ, ಅವಳಿಗೆ ಇನ್ನೂ ಬರಬೇಕು ಎಂದೆ. ಕಾವ್ಯಾ, ‘ಇನ್ನೊಂದು ವಾದಾನೂ ಐತಿ. ದೊಡ್ಡವರು ಹೇಳಿದ್ದನ್ನ ಮಕ್ಕಳು ನಂಬಂಗಿಲ್ಲ, ಮಾಡೋದನ್ನ ನೋಡಿ ನಂಬ್ತಾರ ಅಂತ’ ಎಂದಳು. ಹಾಗಾದರೆ ನೀನು ಏನು ಎಂದು ಕೇಳಿದೆ. ‘ನಾನ? ಅವ್ವನ್ನ ಅರ್ಧ ನೋಡೀನಿ, ನಿನ್ನ ಅರ್ಧ ನೋಡೀನಿ’ ಎಂದು ನಕ್ಕಳು.

ಡಿಸೆಂಬರ್ 9, ಸೋಮವಾರ

ಮರೆತದ್ದು: ಪೂಜೆಯ ನಡುವೆ ಎದ್ದುಹೋಗಿ ಕರಡಿಗೆಯನ್ನು ಅಕ್ಕಿಡಬ್ಬಿಯಲ್ಲಿ ಇಟ್ಟಳು. ಎರಡು ಗಂಟೆ ಹುಡುಕಿದೆವು. ಸಿಕ್ಕಾಗ ಕೂಸು ಸಿಕ್ಕಂತೆ ಎದೆಗೆ ಒತ್ತಿಕೊಂಡು ಅತ್ತಳು. ‘ಕೊಳ್ಳಾಗ ಹಾಕ್ಕೊಂಡಿರು, ತೆಗೀಬ್ಯಾಡ’ ಎಂದು ನಾನೇ ಶಿವದಾರದ ಗಂಟು ಗಟ್ಟಿ ಮಾಡಿದೆ.

ಡಿಸೆಂಬರ್ 19, ಗುರುವಾರ

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ತಲೆಯ ಸ್ಕ್ಯಾನಿಂಗ್ ಇತ್ತು. ಮೈಮೇಲೆ ಲೋಹ ಇರಕೂಡದು ಎಂದು ಬಳೆ, ತಾಳಿ, ಕಾಲುಂಗುರ ಎಲ್ಲ ತೆಗೆಸಿದರು. ಕರಡಿಗೆ ಮಾತ್ರ ಬಿಡಲೊಲ್ಲಳು. ಎರಡೂ ಕೈಯಲ್ಲಿ ಹಿಡಿದುಕೊಂಡು ‘ಬ್ಯಾಡ್ರೀ, ಬ್ಯಾಡ್ರೀ’ ಎಂದಳು. ‘ಹತ್ತು ನಿಮಿಷ, ನನ್ನ ಕಡೆನ ಇರ್ತೈತಿ, ನನ್ನ ಮ್ಯಾಲೆ ನಂಬಿಗಿ ಇಲ್ಲೇನು?’ ಎಂದೆ. ಕೊಟ್ಟಳು. ಬಳೆ, ತಾಳಿಗಳನ್ನು ಕಾವ್ಯಾಳ ಪರ್ಸಿನಲ್ಲಿ ಹಾಕಿಸಿದೆ. ಕರಡಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಅಂಗಿ ಜೇಬಿನಲ್ಲಿ ಇಟ್ಟುಕೊಂಡೆ.

ಮನೆಗೆ ಬಂದು ಜೇಬು ಮುಟ್ಟಿದರೆ ಕರವಸ್ತ್ರ ಇದೆ, ಕರಡಿಗೆ ಇಲ್ಲ. ದಾರಿಯಲ್ಲಿ ಆಟೋದಲ್ಲಿ ಮುಖ ಒರೆಸಿಕೊಂಡಿದ್ದೆ. ವಾಪಸ್ಸು ಹೋದೆ. ಸ್ಕ್ಯಾನಿಂಗ್ ಸೆಂಟರಿನ ನೆಲ, ಮೆಟ್ಟಿಲು, ಆಟೋ ನಿಂತ ಜಾಗ, ಎಲ್ಲ ಮೂರು ಸಲ ನೋಡಿದೆ. ಆಟೋ ನಂಬರ್ ಗೊತ್ತಿಲ್ಲ. ಮೂವತ್ತೇಳು ವರ್ಷ ಪ್ರತಿ ವ್ಯಾಗನ್ನಿನ ನಂಬರ್ ಬರೆದುಕೊಂಡವನು ನಾನು.

ಬಳೆ ಭದ್ರವಾಗಿವೆ. ಅದೊಂದನ್ನೇ ಯಾಕೆ ಹಾಗೆ ತುರುಕಿಕೊಂಡೆ? ಕಲ್ಲೇ ತಾನೆ ಅಂದುಕೊಂಡಿದ್ದೆ, ಅದಕ್ಕೆ.

ಡಿಸೆಂಬರ್ 20, ಶುಕ್ರವಾರ

ಊಟ ಮಾಡಿಲ್ಲ. ‘ಪೂಜಿ ಆಗಿಲ್ರಿ’ ಎನ್ನುತ್ತಾಳೆ. ಪೂಜೆ ಹೇಗೆ ಮಾಡುವುದು ಎನ್ನುವುದು ಅರ್ಧ ಮರೆತಿದ್ದಾಳೆ. ಮಾಡದೆ ತಿನ್ನಬಾರದು ಎನ್ನುವುದು ಮಾತ್ರ ಮರೆತಿಲ್ಲ. ಕೈ ಪದೇಪದೇ ಎದೆಗೆ ಹೋಗುತ್ತದೆ, ಸಿಗುವುದಿಲ್ಲ, ನನ್ನ ಮುಖ ನೋಡುತ್ತಾಳೆ.

ಡಿಸೆಂಬರ್ 21, ಶನಿವಾರ

ಇವತ್ತೂ ಇಲ್ಲ. ಬೇಡಿದೆ, ಬೈದೆ, ಚಮಚ ಬಾಯಿಗೆ ಒತ್ತಿದೆ. ಹಲ್ಲು ಕಚ್ಚಿಕೊಂಡಳು. ಕ್ಲಿನಿಕ್ಕಿನಿಂದ ನರ್ಸ್ ಬಂದು ಗ್ಲೂಕೋಸ್ ಹಚ್ಚಿ ಹೋದಳು. ನಾಳೆಯೂ ಹೀಗೇ ಆದರೆ ಅಡ್ಮಿಟ್ ಮಾಡಿ ಎಂದರು ಡಾಕ್ಟರ್.

ಡಿಸೆಂಬರ್ 22, ಭಾನುವಾರ

ಅವಳ ತಾಯಿಯದೋ ಅಜ್ಜಿಯದೋ ಹಳೆಯ ಕರಡಿಗೆ ಏನಾದರೂ ಇದ್ದೀತು ಎಂದು ಬೆಳಿಗ್ಗೆ ಅವಳ ಟ್ರಂಕು ತೆಗೆದೆ. ಮದುವೆ ಸೀರೆಯ ಕೆಳಗೆ ಬಿಳಿ ಬಟ್ಟೆಯ ಒಂದು ಸಣ್ಣ ಗಂಟು. ಬಿಚ್ಚಿದರೆ ಲಿಂಗ. ಬಟ್ಟೆಯ ಮೂಲೆಯಲ್ಲಿ ಕೆಂಪು ದಾರದಲ್ಲಿ ಹಾಕಿದ ಹೊಲಿಗೆಯನ್ನು ಕಂಡ ಕೂಡಲೇ ಗುರುತು ಸಿಕ್ಕಿತು. ನನ್ನವ್ವನ ಕೈ. ಅದು ನನ್ನದೇ ಲಿಂಗ.

ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಯೂನಿಯನ್ನಿನ ಗೆಳೆಯರ ಜೊತೆ ಓದಿ ವಾದ ಮಾಡಿ, ಒಂದು ದಿನ ಊರಿಗೆ ಹೋಗಿ ಅದನ್ನು ಕೊರಳಿನಿಂದ ತೆಗೆದು ಅವ್ವನ ಕೈಗೆ ಕೊಟ್ಟಿದ್ದೆ. ಅವ್ವ ಅದನ್ನು ತೆಗೆದುಕೊಂಡು ಒಳಗೆ ಹೋದಳು. ನಾನು ಮತ್ತೆ ಕೇಳಲಿಲ್ಲ. ಹೊಳೆಗೆ ಬಿಟ್ಟಿರಬೇಕು ಎಂದುಕೊಂಡಿದ್ದೆ. ಸೊಸೆಯ ಕೈಗೆ ಕೊಟ್ಟಿದ್ದಾಳೆ.

ನಲವತ್ತು ವರ್ಷ ಟ್ರಂಕಿನಲ್ಲಿ ಬಿದ್ದಿದ್ದರೆ ಮೇಲಿನ ಕಪ್ಪು ಕಂತಿಯ ಲೇಪ ಬಿರಿದು ಉದುರಬೇಕಿತ್ತು. ಇದು ಈಗಷ್ಟೇ ಎಣ್ಣೆ ಮುಟ್ಟಿದ ಹಾಗೆ ಹೊಳೆಯುತ್ತಿದೆ. ಬಟ್ಟೆಯ ಮಡಿಕೆಯಲ್ಲಿ ಒಂದು ಬಿಲ್ವಪತ್ರೆ. ಒಣಗಿತ್ತು, ಆದರೆ ಇನ್ನೂ ಹಸಿರು ಹೋಗಿರಲಿಲ್ಲ. ಹೆಚ್ಚೆಂದರೆ ಒಂದು ವಾರದ್ದು.

ಹದಿನಾಲ್ಕು. ಏಳು ಅವಳದು, ಏಳು ನನ್ನದು. ನಾನು ಹೊರಗಿನಿಂದ ಕೂಗುತ್ತಿದ್ದಾಗ ಇವಳು ಒಳಗೆ ನನ್ನದಕ್ಕೂ ನೀರು ಹಾಕುತ್ತಿದ್ದಳು. ಅವಳ ಎಣಿಕೆ ತಪ್ಪಿರಲಿಲ್ಲ. ನವೆಂಬರ್ 12ರ ಗುರುತನ್ನು ಹೊಡೆದುಹಾಕಿದೆ.

ಅದನ್ನು ಅವಳ ಅಂಗೈಯಲ್ಲಿಟ್ಟೆ. ಸ್ವಲ್ಪ ಹೊತ್ತು ನೋಡಿ ತಿರುಗಿ ನನ್ನ ಕೈಗೇ ಕೊಟ್ಟಳು. ‘ಇದು ನಂದಲ್ರಿ, ಇದು ನಿಮ್ಮದು. ಮಂದಿ ಲಿಂಗ ನಾ ಕಟ್ಟಿಕೊಳ್ಳಾಕ ಬರಂಗಿಲ್ಲ.’ ಆಮೇಲೆ, ಬಹಳ ಸಣ್ಣ ದನಿಯಲ್ಲಿ, ‘ನೀವು ಪೂಜಿ ಮಾಡ್ರಿ, ನಾ ಪ್ರಸಾದ ತಗೋತೀನಿ’ ಎಂದಳು.

ನಮ್ಮಲ್ಲಿ ಅದೂ ಉಂಟು. ಗಂಡ ಪೂಜೆ ಮಾಡಿ ಕೊಟ್ಟ ಪ್ರಸಾದದಿಂದ ಹೆಂಡತಿ ಉಣ್ಣುತ್ತಾಳೆ. ಅವ್ವ ಹಾಗೇ ಉಣ್ಣುತ್ತಿದ್ದಳು.

11.25ಕ್ಕೆ ಸ್ನಾನ ಮಾಡಿದೆ. ಮಂತ್ರ ಬರುತ್ತದೋ ಇಲ್ಲವೋ ಎಂದು ಅನುಮಾನ ಇತ್ತು. ಬಂತು. ಅವಳು ಗೋಡೆಗೆ ಒರಗಿ ನೋಡುತ್ತ ಕೂತಳು. ಅಂಗೈಯಿಂದ ನೀರೆಲ್ಲ ಸೋರಿ ಲುಂಗಿ ತೊಯ್ದುಹೋಯಿತು. ‘ಬೆರಳು ಕೂಡಿಸಿ ಹಿಡೀರಿ’ ಎಂದಳು. ಕೂಡಿಸಿ ಹಿಡಿದೆ.

ಅರ್ಧ ಬಟ್ಟಲು ಗಂಜಿ ಕುಡಿದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಡಿಸೆಂಬರ್ 24, ಮಂಗಳವಾರ

ಕಾವ್ಯಾ ಮಠದ ಅಯ್ಯನವರನ್ನು ಕರೆತಂದಳು. ಅವರು ಹೊಸ ಲಿಂಗ ಕಟ್ಟಿ ಹೋದರು. ಅವರು ಮೆಟ್ಟಿಲು ಇಳಿಯುವುದರೊಳಗೆ ಸುಂದರಾಬಾಯಿ ಬಿಚ್ಚಿ ಕಿಟಕಿಯಲ್ಲಿಟ್ಟಳು. ‘ನಂದಲ್ಲ.’ ಇನ್ನು ನಾನೇ ಗತಿ.

ಜನವರಿ 6, ಸೋಮವಾರ

ದಿನಾ 7.10ಕ್ಕೆ ಕೂರುತ್ತೇನೆ. ಇದು ಗುಳಿಗೆಯನ್ನು ಬೆಲ್ಲದಲ್ಲಿಟ್ಟು ಕೊಟ್ಟ ಹಾಗೆ, ಅಷ್ಟೇ. ಕಾವ್ಯಾಳಿಗೂ ಅದನ್ನೇ ಹೇಳಿದೆ. ಅವಳು ‘ನಾ ಏನೂ ಕೇಳ್ಲಿಲ್ಲಲ್ಲ ಅಪ್ಪಾ’ ಎಂದಳು.

ಸುಂದರಾಬಾಯಿ ಮೇಸ್ತ್ರಿಯ ಹಾಗೆ ಎದುರು ಕೂತು ತಪ್ಪು ತೆಗೆಯುತ್ತಾಳೆ. ವಿಭೂತಿ ಮೂರು ಬೆರಳಲ್ಲಿ. ಪತ್ರಿಯ ತೊಟ್ಟು ಮುರಿಯಬೇಕು. ಆ ಕಡೆ ಈ ಕಡೆ ನೋಡಬಾರದು. ನಿನ್ನೆ ನೋಡಿದ ಸಿನಿಮಾ ಇಲ್ಲ, ತಿಂದ ಊಟ ಇಲ್ಲ, ಇದೆಲ್ಲ ಹೇಗೆ ಉಳಿದುಕೊಂಡಿದೆಯೋ. ಇವತ್ತು ನಗುತ್ತ ‘ಮುದುಕರಾದ ಮ್ಯಾಲೆ ಕಲಿಯಾಕತ್ತೀರಿ ನೋಡ್ರಿ’ ಎಂದಳು. ಎಷ್ಟೋ ದಿನಗಳ ಮೇಲೆ ನನ್ನನ್ನು ನಾನು ಎಂದೇ ನೋಡಿ ನಕ್ಕಳು. 

ಜನವರಿ 27, ಸೋಮವಾರ

ಹುಸೇನಮ್ಮ ಹಗಲು ನಮ್ಮ ಮನೆಗೆ ಬರತೊಡಗಿದ್ದಾಳೆ. ಸೊಂಟನೋವಿನಿಂದ ಪುಟ್ಟಿ ಹೊರುವುದು ಆಗುತ್ತಿಲ್ಲವಂತೆ. ಸುಂದರಾಬಾಯಿಗೆ ತಲೆ ಬಾಚಿ, ಊರಿನ ಸುದ್ದಿ ಹೇಳಿ, ಬಾತ್‌ರೂಮಿಗೆ ಕರೆದೊಯ್ಯುತ್ತಾಳೆ. ಫೋಟೋ ಇನ್ನೂ ತಿರುಗಿಯೇ ಇದೆಯೇನು ಎಂದು ಕೇಳಿದೆ. ‘ಐತ್ರಿ ಸಾಹೇಬ್ರ. ಆದ್ರ ಧೂಳು ಕೂಡ್ರಾಕ ಬಿಡಂಗಿಲ್ಲ ಅಂವ. ನಾ ಇಲ್ಲದಾಗ ಒರಸ್ತಾನ’ ಎಂದಳು.

ಇದನ್ನು ಕಾವ್ಯಾಳಿಗೆ ಹೇಳಬೇಕು. ಫಾರಂನಲ್ಲಿ ಇದಕ್ಕೆ ಜಾಗ ಇಲ್ಲ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಬೆಳಿಗ್ಗೆ ಕಾವ್ಯಾ ಫೋನ್ ಮಾಡಿ, ‘ಅಪ್ಪಾ, ಈ ವರ್ಷ ಗುಡಿ ಮೈಕಿನ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಡ್ಲಿಲ್ಲೇನು?’ ಎಂದು ಕೇಳಿದಳು. ಹದಿನೆಂಟು ವರ್ಷದಿಂದ ತಪ್ಪದೆ ಕೊಡುತ್ತಿದ್ದೆ. ಈ ಸಲ ಮೈಕು ಹಾಕಿದ್ದರೋ ಇಲ್ಲವೋ ಲಕ್ಷ್ಯವೇ ಇರಲಿಲ್ಲ. ಕೆಲಸ ಇತ್ತು ಎಂದೆ. ಪತ್ರಿ ಸಿಗದೆ ಮಧ್ಯಾಹ್ನದ ತನಕ ಅಲೆದಿದ್ದೆ.

ಮಾರ್ಚ್ 18, ಮಂಗಳವಾರ

ಸ್ನಾನ ಮಾಡಿ ಬರುವಷ್ಟರಲ್ಲಿ ಸುಂದರಾಬಾಯಿ ಇಡ್ಲಿ ತಿನ್ನುತ್ತಿದ್ದಳು. ಹುಸೇನಮ್ಮ, ‘ಕೈಲೆ ಇಸಕೊಂಡು ತಿಂದ್ರಿ, ನಾ ಬ್ಯಾಡ ಅನ್ಲಿಲ್ರಿ’ ಎಂದಳು. ಪೂಜೆ ಆಗಿಲ್ಲ ಎಂದು ನೆನಪಿಸಿದೆ. ನನ್ನ ಕೈಯಲ್ಲಿದ್ದದ್ದನ್ನು ನೋಡಿ, ‘ಅದೇನ ಅದು, ಕಲ್ಲು?’ ಎಂದಳು.

ನಾನು ಕೂಗಾಡಿದೆ. ‘ಕಲ್ಲು ಅಂತೀಯೇನ? ಯಾರ ಮುಂದ ಏನು ಮಾತಾಡಾಕತ್ತೀ ಅನ್ನೋದು ಖಬರು ಐತೇನ ನಿನಗ?’ ಎಂದೆ. ಅವಳು ಹೆದರಿ ಇಡ್ಲಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. ಹುಸೇನಮ್ಮ ನನ್ನನ್ನು ಬಾಲ್ಕನಿಗೆ ಕಳಿಸಿದಳು.

ನಲವತ್ತು ವರ್ಷ ನಾನೇ ಆಡಿದ ಮಾತು. ಅವಳು ಒಂದು ದಿನವಾದರೂ ನನ್ನ ಮೇಲೆ ಕೂಗಿರಲಿಲ್ಲ.

ಮಾರ್ಚ್ 19, ಬುಧವಾರ

ಇವತ್ತೂ ಮೊದಲೇ ತಿಂದಳು. ನಾನು ಎಂಟಕ್ಕೆ ತಿಂದೆ, ಮುಗಿಸಿಕೊಂಡು.

ಮಾರ್ಚ್ 30, ಭಾನುವಾರ

ಯುಗಾದಿ. ಕಾವ್ಯಾ ಬೇವು ಬೆಲ್ಲ ತಂದಿದ್ದಳು. ಕೇಳಿದಳು, ‘ಅವ್ವ ಈಗ ಹಂಗ ಊಟ ಮಾಡ್ತಾಳಲ್ಲ. ಮತ್ತ ನೀ ಯಾಕ ಕೂಡ್ತೀ?’

ನಾಳೆ ಅವಳಿಗೆ ಮತ್ತೆ ನೆನಪಾದರೆ? ಆಗ ನಾನು ಬಿಟ್ಟಿದ್ದರೆ? ಅಷ್ಟಕ್ಕೇ ಎಂದೆ. ಬೇರೇನೂ ಇಲ್ಲ. ಕಾವ್ಯಾ ಪ್ರಸಾದಕ್ಕೆ ಕೈ ಚಾಚಿದಳು, ನನ್ನ ಮುಖ ನೋಡಲಿಲ್ಲ. ಸುಂದರಾಬಾಯಿ ಅವಳನ್ನು ‘ನೀ ಯಾರ ಪೈಕಿ ತಂಗಿ?’ ಎಂದು ವಿಚಾರಿಸಿದಳು. ಮಗಳು, ‘ಇಲ್ಲೇ ತಾರ್ನಾಕದಾಗ ಇರ್ತೀನ್ರಿ’ ಎಂದು ಹೇಳಿ ಬೇಗ ಹೊರಟುಹೋದಳು.

ಏಪ್ರಿಲ್ 10, ಗುರುವಾರ

ಸುಂದರಾಬಾಯಿ ಮೂರು ದಿನದಿಂದ ಆಸ್ಪತ್ರೆಯಲ್ಲಿ. ಎದೆಯಲ್ಲಿ ಕಫ, ಜ್ವರ, ಉಸಿರಿಗೆ ಆಕ್ಸಿಜನ್. ಡಾಕ್ಟರ್ ‘ನೋಡೋಣ’ ಎನ್ನುತ್ತಾರೆ. ಒಳಗೆ ದಿನಕ್ಕೆ ಹತ್ತು ನಿಮಿಷ ಬಿಡುತ್ತಾರೆ. ಉಳಿದ ಹೊತ್ತು ಕಾರಿಡಾರಿನ ಕುರ್ಚಿ.

ಬೆಳಿಗ್ಗೆ ಸಾಮಾನಿನ ಕೋಣೆಯ ಪಕ್ಕ ಸ್ವಲ್ಪ ಜಾಗ ಸಿಕ್ಕಿತು, ಅಲ್ಲಿ ಪೂಜೆಗೆ ಕೂತೆ. ಇಲ್ಲಿ ಅವಳು ನೋಡುವುದಿಲ್ಲ ಎನ್ನುವುದು ಗೊತ್ತು. ಹೊತ್ತಾದರೆ ಎಡಗೈಗೆ ಏನೋ ಚಡಪಡಿಕೆ. ಬೀಡಿ ಬಿಟ್ಟಾಗಲೂ ಹೀಗೇ ಆಗಿತ್ತು, ಇದೂ ಅಂಥದ್ದೇ. ನೂರಾ ಎಂಟು ಎಣಿಸುವುದು ನನ್ನಂಥವನಿಗೆ ವ್ಯಾಗನ್ ಎಣಿಸಿದ ಹಾಗೆ, ತಲೆಗೆ ಬೇರೆ ಯೋಚನೆ ಬರುವುದಿಲ್ಲ.

ಕೊನೆಗೆ ‘ಇದೊಂದು ಸಲ’ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಡಾಕ್ಟರಿಗೆ ಹೇಳಬೇಕಾದ ಮಾತು. ಅವರು ಹತ್ತಿರ ಇರಲಿಲ್ಲ.

ಏಪ್ರಿಲ್ 16, ಬುಧವಾರ

ಮನೆಗೆ ಬಂದೆವು. ಬದುಕಿಕೊಂಡಳು. ಔಷಧ ಹಿಡಿಯಿತು ಎಂದು ಡಾಕ್ಟರ್ ಹೇಳಿದರು, ಅದು ಸರಿಯೇ.

ಆದರೆ ಅಲ್ಲಿ ಏನೋ ಬಿಟ್ಟು ಬಂದಿದ್ದಾಳೆ. ಬಾಗಿಲಲ್ಲಿ ಕೈ ಹಿಡಿದು ಒಳಗೆ ಕರೆದುಕೊಂಡಾಗ ಮೆಲ್ಲಗೆ ಬಿಡಿಸಿಕೊಂಡಳು. ‘ನಾ ಬರ್ತೀನ್ರಿ, ನೀವು ಕೈ ಹಿಡೀಬ್ಯಾಡ್ರಿ. ನಮ್ಮ ಮನಿಯವರು ಡ್ಯೂಟಿ ಮುಗಿಸಿ ಬರೂ ಹೊತ್ತು’ ಎಂದಳು.

ಬಂತು ಆ ದಿನ. ಮರೆತದ್ದು: ನನ್ನನ್ನು. ಹೊತ್ತು: ಸಂಜೆ 5.50.

ಏಪ್ರಿಲ್ 17

ಇಲ್ಲ.

ಏಪ್ರಿಲ್ 21

ಇವತ್ತೂ ಇಲ್ಲ.

ಮೇ 4, ಭಾನುವಾರ

ರಾತ್ರಿ ಊಟದ ಹೊತ್ತಿಗೆ ದಿನಾ ‘ಅವರು ಬರ್ಲಿ’ ಎಂದು ಬಾಗಿಲು ನೋಡುತ್ತಾಳೆ. ನಾನು ಎದುರಿಗೇ ತಟ್ಟೆ ಇಟ್ಟುಕೊಂಡು ಕೂತಿರುತ್ತೇನೆ. ‘ಗಾಡಿ ತಡ ಐತಿ’ ಎನ್ನುತ್ತೇನೆ. ಅವಳು ಒಪ್ಪುತ್ತಾಳೆ. ನಾನು ಎಷ್ಟೋ ಗಾಡಿಗಳ ತಡವನ್ನು ಬರೆದಿದ್ದೇನೆ, ಇಂಥದ್ದನ್ನು ಬರೆಯುವ ರೀತಿ ಗೊತ್ತಿಲ್ಲ.

ಮೇ 18, ಭಾನುವಾರ

ಆರು ತಿಂಗಳಾಯಿತು. ಕಾವ್ಯಾ ಎರಡನೆಯ ಸುತ್ತಿನ ಫಾರಂ ತಂದಳು. ಅವ್ವನದನ್ನು ಖಾಲಿ ಬಿಡುತ್ತೇನೆ ಎಂದಳು. ನನ್ನದನ್ನು ಮೇಜಿನ ಮೇಲಿಟ್ಟು, ‘ತುಂಬಿಡು, ಮಂಗಳವಾರ ಬಂದು ಒಯ್ತೀನಿ. ಖರೇ ಇದ್ದದ್ದ ಬರಿ ಅಪ್ಪಾ’ ಎಂದಳು. ಹೋಗುವಾಗ ನನ್ನ ಹಣೆ ನೋಡಿದಳು. ವಿಭೂತಿ ಒರೆಸಿಕೊಳ್ಳಲು ಮರೆತಿದ್ದೆ.

ಕೊನೆಗೆ ನಿನ್ನ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತೇನು ಎಂದು ಕೇಳಿದೆ. ‘ದೇಶಗಳದ್ದು ಗೆರಿ ಎಳದು ತೋರಸಬಹುದು. ಮನಿಯೊಳಗಿಂದು ಗೊತ್ತಾಗವಲ್ದು’ ಎಂದಳು.

ಮೇ 20, ಮಂಗಳವಾರ

ಬೆಳಿಗ್ಗೆ 7.10ಕ್ಕೆ ಕೂತಿದ್ದೆ. ಕಣ್ಣು ಅಂಗೈಯ ಮೇಲಿತ್ತು. ಯಾರೋ ಎದುರು ಬಂದು ಕೂತ ಸದ್ದಾಯಿತು. ತಲೆ ಎತ್ತಿದರೆ ಸುಂದರಾಬಾಯಿ. ತಲೆಯ ತುಂಬ ಸೆರಗು ಹೊದ್ದು, ಎರಡೂ ಕೈ ಮುಗಿದು ಕೂತಿದ್ದಾಳೆ. ನೆನಪಾಯಿತು ಅಂದುಕೊಂಡೆ.

‘ಅಯ್ಯಾರ’ ಎಂದಳು. ಮಠದ ಅಯ್ಯನವರು ಎಂದುಕೊಂಡಿದ್ದಾಳೆ. ‘ನಿಮ್ಮ ಪೂಜಿ ನಡುವ ಮಾತಾಡಬಾರದು, ತಪ್ಪಾತ್ರಿ. ಒಂದು ಮಾತು ಕೇಳಬೇಕಿತ್ತು.’

‘ಕೇಳವ್ವಾ’ ಎಂದೆ.

‘ನಮ್ಮ ಮನಿಯವರು ರೈಲಿನಾಗ ಅದಾರ್ರಿ. ಲಿಂಗ ಬಿಟ್ಟಾರ. ದೇವರು ಇಲ್ಲ ಅಂತಾರ. ಮನಶಾ ಭಾಳ ಚಲೋ ಅದಾರ್ರಿ, ಬಾಯಿ ಒಂದ ಜೋರು. ಅವರಿಗೆ ಏನೂ ಆಗಬಾರದು ನೋಡ್ರಿ. ಅವರ ಲಿಂಗ ನನ್ನ ಕಡೆ ಐತಿ. ದಿನಾ ನೀರು ಹಾಕ್ತೀನಿ. ನಡೀತೈತಿಲ್ರಿ, ಅವರ ಬದಲಿ ನಾ ಮಾಡಿದ್ರ?’

‘ನಡೀತೈತವ್ವಾ.’

‘ಅವರು ಕೇಳಿದ ದಿನ ಕೊಡಬೇಕಂತ ಇಟ್ಟೀನಿ. ಅತ್ತಿಯವರು ಹೇಳಿ ಕೊಟ್ಟಾರ.’

ಲಿಂಗ ನನ್ನ ಅಂಗೈಯಲ್ಲೇ ಇತ್ತು. ಬೆರಳು ಕೂಡಿಸಿಯೇ ಹಿಡಿದಿದ್ದೆ. ‘ಕೇಳ್ಯಾರವ್ವಾ. ಅವರು ಕೇಳ್ಯಾರ. ದಿನಾ ಪೂಜಿ ಮಾಡಾಕತ್ತಾರ’ ಎಂದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮದುವೆಯಾದ ಹೊಸದರಲ್ಲಿ ಹಾಗೆ ನಗುತ್ತಿದ್ದಳು. ‘ನಿಮಗ ಅವರು ಗೊತ್ತಿಲ್ರಿ ಅಯ್ಯಾರ. ಅವರು ಕೇಳೂ ಮನಶಾ ಅಲ್ಲ. ನಾ ಬಲ್ಲೆ ಅವರನ್ನ’ ಎಂದಳು. ನನ್ನ ಪಾದ ಮುಟ್ಟಿ ಹಣೆಗೆ ಹಚ್ಚಿಕೊಂಡು ಎದ್ದು ಹೋದಳು. ತಡೆಯಲು ಆಗಲಿಲ್ಲ.

ಮಧ್ಯಾಹ್ನದ ತನಕ ಫಾರಂ ಮುಂದಿಟ್ಟುಕೊಂಡು ಕೂತೆ. ಹದಿಮೂರು ಪ್ರಶ್ನೆಗೆ ಖರೇ ಇದ್ದದ್ದನ್ನೇ ಬರೆದೆ. ಹದಿನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಅವಳಿಗೆ ನನ್ನ ಮುಖ ಹೋಗಿದೆ, ಹೆಸರು ಹೋಗಿದೆ. ನಂಬದ ಗಂಡ ಒಬ್ಬನಿದ್ದಾನೆ ಎನ್ನುವುದೊಂದು ಉಳಿದಿದೆ. ಆ ಗಂಡ ನಾನೇ. ಅವನನ್ನೂ ತೆಗೆದುಹಾಕಿದರೆ ಅವಳ ಹತ್ತಿರ ನಾನು ಎಂದು ಏನಿರುತ್ತದೆ?

ಸೊನ್ನೆ ಬರೆದೆ. ಕಾಣಲಿ ಎಂದು ದೊಡ್ಡದಾಗಿಯೇ ಬರೆದೆ.

ಸಂಜೆ ಕಾವ್ಯಾ ಬಂದು ಫಾರಂ ಒಯ್ದಳು. ವಿಭೂತಿಗಟ್ಟಿ ಮುಗಿಯುತ್ತ ಬಂದಿದೆ. ನಾಳೆ ಏಳರೊಳಗೆ ತರಬೇಕು.